ಅಪ್ಪನಿಂದ ಎತ್ತಿಕೊಂಡ ಪಾತ್ರ

ಮೊನ್ನೆ ಬ್ಯಾಂಕಿನ ಸಾಲಿನಲ್ಲಿ ನಿಂತಿದ್ದಾಗ ಹಿಂದಿನವರೊಬ್ಬರು ನನ್ನ ಭುಜ ಮುಟ್ಟಿ, ನಮ್ಮ ಫ್ಲ್ಯಾಟಿನ ನೋಂದಣಿ ಮಾಡಿಕೊಟ್ಟವರು ನೀವೇ ಅಲ್ಲವೇ ಎಂದು ಮರಾಠಿಯಲ್ಲಿ ಕೇಳಿದರು. ಅಲ್ಲ ಎಂದೆ. ಅವರು ನಂಬಲಿಲ್ಲ. ಅಂದು ನಾನು ಅವರ ಕಾಗದದಲ್ಲಿ ತಪ್ಪು ಹುಡುಕಿ ಎರಡು ಸಲ ತಿರುಗಿ ಕಳಿಸಿದ್ದೆನಂತೆ. ಒಂದು ಧಾರಾವಾಹಿಯಲ್ಲಿ ನಾನು ಅಂಥ ಅಧಿಕಾರಿಯಾಗಿದ್ದದ್ದು ನಿಜ. ಎರಡು ದಿನದ ಕೆಲಸ. ಅದನ್ನೆಲ್ಲ ವಿವರಿಸುವ ಬದಲು, ತಪ್ಪಾಯಿತು ಎಂದೆ. ಅವರಿಗೆ ಸಮಾಧಾನವಾಯಿತು.

ನಲವತ್ತು ವರ್ಷಕ್ಕೂ ಹೆಚ್ಚು ನಾನು ಮಾಡಿದ್ದು ಈ ಕೆಲಸ. ಡಾಕ್ಟರು, ವಕೀಲ, ಪೋಸ್ಟ್‌ಮನ್, ಹುಡುಗಿಯ ತಂದೆ, ಹುಡುಗನ ಸೋದರಮಾವ, ಬೆಂಚಿನ ಮೇಲೆ ಕೂತ ಮುದುಕ. ವಸಂತ ಮುರಗೋಡ ಎಂಬ ನನ್ನ ಹೆಸರು ಪೋಸ್ಟರುಗಳಲ್ಲಿ ಮುರ್ಗೋಡಕರ ಆಗಿ, ಮುರುಡಕರ ಆಗಿ, ಒಮ್ಮೆ ಮುರಲೀಧರ ಕೂಡ ಆಗಿ ಬಂದಿದೆ. ಪುಣೆಯಲ್ಲಿ ಹಗಲು ನೌಕರಿ ಮಾಡುತ್ತ ಶನಿವಾರ, ಭಾನುವಾರ ನಾಟಕದ ತಾಲೀಮು ನಡೆಸುವ ನಮ್ಮ ಕಡೆಯ ಕೆಲವು ಹುಡುಗ ಹುಡುಗಿಯರು, ಈ ಕೆಲಸ ಹೇಗಿರುತ್ತದೆ ಬರೆದುಕೊಡಿ ಎಂದರು. ಬಂದ ಶಾಲು, ಹಾರಗಳ ವಿಷಯ ಬಿಟ್ಟು ಉಳಿದದ್ದನ್ನು ಬರೆಯುತ್ತಿದ್ದೇನೆ.

ಅಪ್ಪ ಬೆಳಗಾವಿ ಕಡೆಯಿಂದ ಪುಣೆಯ ಪಕ್ಕದ ಭೋಸರಿಗೆ ಬಂದು ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಗುಮಾಸ್ತರಾಗಿದ್ದರು. ಡಿಪ್ಲೊಮಾ ಮುಗಿಸಿ ನಾನೂ ಅದೇ ಕಾರ್ಖಾನೆಯ ತಪಾಸಣೆ ವಿಭಾಗ ಸೇರಿದೆ. ಗೇಜು ಹಿಡಿದು ಬಿಡಿಭಾಗಗಳನ್ನು ಅಳೆಯುವುದು, ಅಳತೆ ತಪ್ಪಿದ್ದನ್ನು ಕೆಂಪು ಡಬ್ಬಿಗೆ ಹಾಕುವುದು. ಕಾರ್ಮಿಕರ ನಾಟಕ ಸ್ಪರ್ಧೆಗೆಂದು ಶಹರದಿಂದ ಬಾಪೂ ಎಂಬ ನಿರ್ದೇಶಕರು ಬರುತ್ತಿದ್ದರು. ಮುದಿ ಜವಾನನ ಪಾತ್ರದವನಿಗೆ ಜ್ವರ ಬಂತು. ಬಾಪೂ ಕ್ಯಾಂಟೀನಿನಲ್ಲಿ ಸುತ್ತಲೂ ನೋಡಿ ನನ್ನನ್ನು ಕರೆದರು. ನಾನು ಚೆನ್ನಾಗಿ ಮಾಡುತ್ತೇನೆಂದಲ್ಲ, ಜವಾನನ ಅಂಗಿ ನನಗೆ ಸರಿಹೋಗುತ್ತದೆಂದು. ಈ ಕೆಲಸದಲ್ಲಿ ಬಹಳಷ್ಟು ಅವಕಾಶಗಳು ಹೀಗೆಯೇ ಬರುತ್ತವೆ.

ಆ ನಾಟಕ ಮುಗಿದ ಮೇಲೆ ಬಾಪೂ ನನ್ನನ್ನು ತಮ್ಮ ತಂಡಕ್ಕೆ ಸೇರಿಸಿಕೊಂಡರು. ಮಾತು ಮಾತ್ರ ಕೊಡಲಿಲ್ಲ. "ನಿನ್ನ ಮರಾಠಿ ಸರಿಯಾಗಿದೆ, ಆದರೆ ಉಸಿರು ಕನ್ನಡದ್ದು. ಅದು ಬದಲಾಗುವವರೆಗೆ ಕೇಳಿಸಿಕೊಳ್ಳುವ ಪಾತ್ರ ಮಾಡು," ಎಂದರು. ಮೂರು ವರ್ಷ ನಾನು ರಂಗದ ಮೇಲೆ ಬೇರೆಯವರ ಮಾತು ಕೇಳಿಸಿಕೊಂಡೆ. ಬೇಜಾರಿನ ಕೆಲಸ, ಆದರೆ ನಾನು ಕಲಿತದ್ದೆಲ್ಲ ಅಲ್ಲಿಯೇ. ತನ್ನ ಸಾಲು ಯಾವಾಗ ಬರುತ್ತದೆಂದು ಕಾಯುತ್ತಿರುವ ನಟನನ್ನು ಪ್ರೇಕ್ಷಕ ಕೊನೆಯ ಸಾಲಿನಿಂದಲೂ ಗುರುತಿಸುತ್ತಾನೆ.

ಬಾಪೂ ಪಾತ್ರದ ಮನಸ್ಸಿನ ಬಗ್ಗೆ ಮಾತಾಡುತ್ತಿರಲಿಲ್ಲ. ದರ್ಜಿಯ ಪಾತ್ರ ಸಿಕ್ಕರೆ, ಸೂಜಿಗೆ ದಾರ ಪೋಣಿಸುವಾಗ ಅವನು ಯಾವ ಕಣ್ಣು ಮುಚ್ಚುತ್ತಾನೆ, ಹೋಗಿ ನೋಡಿಕೊಂಡು ಬಾ ಎನ್ನುತ್ತಿದ್ದರು. ಹೋಗುತ್ತಿದ್ದೆ. ಹೀಗೆ ಜನರನ್ನು ನೋಡುವುದು ಅಭ್ಯಾಸವಾಯಿತು. ಬಸ್ಸಿನಲ್ಲಿ, ಸಾವಿನ ಮನೆಯಲ್ಲಿ, ಮದುವೆಯ ಪಂಕ್ತಿಯಲ್ಲಿ ಯಾರು ಹೇಗೆ ಕೂತರು, ಕೈ ಎಲ್ಲಿಟ್ಟರು ಎಂದು ನೋಡುತ್ತಿದ್ದೆ. ಹೆಂಡತಿ ಸುಮಿತ್ರಾ ಒಮ್ಮೆ, "ಅವ್ರ ಮನ್ಯಾಗ ಹೆಣ ಬಿದ್ದದ, ನೀವು ಅವ್ರ ಕೈ ನೋಡ್ಲಿಕತ್ತೀರಲ್ಲ," ಎಂದಳು. ಆಕೆ ಹೇಳಿದ್ದು ಸರಿಯಾಗಿತ್ತು. ನೋಡುವುದನ್ನು ಬಿಡಲಾಗಲಿಲ್ಲ.

ತಪ್ಪುಗಳೂ ಸಾಕಷ್ಟಿವೆ. ಒಂದು ನಾಟಕದಲ್ಲಿ ನಾನು ಮೊದಲ ಅಂಕದಲ್ಲಿ ಪೋಸ್ಟ್‌ಮನ್, ಮೂರನೆಯದರಲ್ಲಿ ನ್ಯಾಯಾಧೀಶ. ಅವಸರದಲ್ಲಿ ಕರಿ ಕೋಟು ಹಾಕಿಕೊಂಡು ಪೋಸ್ಟಿನ ಚೀಲ ಹೆಗಲಿನಿಂದ ಇಳಿಸದೆಯೇ ನ್ಯಾಯಪೀಠ ಹತ್ತಿದೆ. ಎದುರು ಕಟಕಟೆಯಲ್ಲಿದ್ದ ಹಿರಿಯ ನಟ ಒಂದು ಕ್ಷಣ ನನ್ನನ್ನು ನೋಡಿ, "ಮಹಾಸ್ವಾಮಿ, ನನ್ನ ತೀರ್ಪು ಅಂಚೆಯಲ್ಲಿ ಬಂತೇ?" ಎಂದ. ಚಪ್ಪಾಳೆಯೋ ಚಪ್ಪಾಳೆ. ಆಮೇಲೆ ಬಾಪೂ ನನ್ನನ್ನು ಬೈಯಲಿಲ್ಲ, ಅವನನ್ನು ಬೈದರು. ತಪ್ಪು ಮಾಡಿದವನನ್ನು ಉಳಿಸುವ ನೆಪದಲ್ಲಿ ತಾನು ಚಪ್ಪಾಳೆ ಹೊಡೆಸಿಕೊಂಡ ಎಂದು.

ಕುರಕುಂಭದ ಕೆಮಿಕಲ್ ಕಾರ್ಖಾನೆಯೊಂದಕ್ಕೆ ಸುರಕ್ಷತೆಯ ಚಿತ್ರ ಮಾಡಿದ್ದೆವು. ಅದರಲ್ಲಿ ನಾನು ಸೆಕೆ ತಡೆಯಲಾರದೆ ಮಾಸ್ಕ್ ತೆಗೆದು ಸಾಯುವ ಕೆಲಸಗಾರ. ಹೊಸದಾಗಿ ಸೇರಿದವರಿಗೆಲ್ಲ ಅದನ್ನು ವರ್ಷಗಟ್ಟಲೆ ತೋರಿಸಿದರಂತೆ. ಬಹಳ ದಿನಗಳ ಮೇಲೆ ದೌಂಡ ಸ್ಟೇಶನ್ನಿನಲ್ಲಿ ಒಬ್ಬಾತ ನನ್ನ ಕೈ ಹಿಡಿದು, "ಮಾಸ್ಕಿಗೆ ಕೈ ಹೋದಾಗೆಲ್ಲ ನಿಮ್ಮ ಮುಖ ನೆನಪಾಗುತ್ತದೆ, ತೆಗೆಯುವುದಿಲ್ಲ," ಎಂದ. ನನ್ನ ಅಭಿನಯದಿಂದ ಯಾರಿಗಾದರೂ ಉಪಯೋಗವಾಯಿತೆಂದು ಖಾತ್ರಿಯಾಗಿ ಹೇಳಬಹುದಾದದ್ದು ಇದೊಂದೇ.

ಕ್ಯಾಮೆರಾ ಬಂದ ಮೇಲೆ ಕಲಿತದ್ದರಲ್ಲಿ ಅರ್ಧ ಮರೆಯಬೇಕಾಯಿತು. ರಂಗದ ಮೇಲೆ ಹುಬ್ಬು ಎತ್ತಿದರೆ ಮೂರನೇ ಸಾಲಿಗೂ ಕಾಣದು. ಕ್ಯಾಮೆರಾದಲ್ಲಿ ಅದು ಬಾಗಿಲು ತೆಗೆದಷ್ಟು ದೊಡ್ಡದು. "ಕಾಕಾ, ಏನೂ ಮಾಡಬೇಡಿ, ಬರೀ ಯೋಚಿಸಿ," ಎನ್ನುತ್ತಿದ್ದ ಒಬ್ಬ ತರುಣ ನಿರ್ದೇಶಕ. ಮಧ್ಯಾಹ್ನದ ಊಟದ ಬಗ್ಗೆ ಯೋಚಿಸಿದೆ. ಅದ್ಭುತವಾಯಿತು ಎಂದ. ಕಡೆಯ ಕೆಲವು ವರ್ಷ ಪಾತ್ರ ಕೇಳಲು ಎಲ್ಲಿಗೂ ಹೋಗುವ ಹಾಗಿರಲಿಲ್ಲ; ಗೋಡೆಯ ಮುಂದೆ ನಿಂತು ಮೊಬೈಲಿನಲ್ಲಿ ವೀಡಿಯೊ ತೆಗೆದು ಕಳಿಸಬೇಕು. ಎದುರು ಪಾತ್ರದ ಸಾಲು ಸುಮಿತ್ರಾ ಓದುತ್ತಿದ್ದಳು. "ನಿನ್ನನ್ನು ಜೀವಂತ ಬಿಡುವುದಿಲ್ಲ" ಎಂದು ಓದುವ ಹೊತ್ತಿಗೆ ಕುಕ್ಕರ್ ಕೂಗಿದರೆ ಮತ್ತೆ ಮೊದಲಿನಿಂದ.

ಇಷ್ಟು ಬರೆದು ಒಂದು ವಾರ ಬಿಟ್ಟಿದ್ದೆ. ಮುಂದಿನದನ್ನು ಬರೆಯದಿದ್ದರೂ ನಡೆಯುತ್ತಿತ್ತು. ಆದರೆ ಈ ಕೆಲಸ ನಿಜವಾಗಿ ಹೇಗಿರುತ್ತದೆ ಎಂದು ಕೇಳಿದವರಿಗೆ ಅದನ್ನು ಬಿಟ್ಟು ಹೇಳಿದರೆ ಅರ್ಧ ಹೇಳಿದಂತೆ.

ಮೂರು ವರ್ಷ ಕೇಳಿಸಿಕೊಂಡಾದ ಮೇಲೆ ಬಾಪೂ ನನಗೆ ಸಣ್ಣ ಸಣ್ಣ ಮಾತಿನ ಪಾತ್ರ ಕೊಡತೊಡಗಿದರು. ನನಗೆ ಮೂವತ್ತು ದಾಟಿದಾಗ ಒಂದು ಹಾಸ್ಯ ನಾಟಕ ಎತ್ತಿಕೊಂಡರು. ಅದರಲ್ಲಿ ವಠಾರದಂಥ ಚಾಳಿನ ಬಾಡಿಗೆದಾರನೊಬ್ಬ, ಕರ್ನಾಟಕದವನು, ಒಟ್ಟು ನಾಲ್ಕು ಸಾಲು. ಪಾತ್ರ ನನಗೇ ಬಂತು. ಯಾರನ್ನು ನೋಡಿ ಮಾಡಬೇಕು ಎಂದು ನಾನು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಮನೆಯಲ್ಲಿ ಅಪ್ಪ ಇದ್ದರು.

ಕನ್ನಡದಲ್ಲಿ ಕುರ್ಚಿ, ಛತ್ರಿ, ಬಸ್ಸು ಎಲ್ಲವೂ 'ಅದು'. ಮರಾಠಿಯಲ್ಲಿ ಒಂದೊಂದು ವಸ್ತುವೂ ಹೆಣ್ಣೋ ಗಂಡೋ ನಪುಂಸಕವೋ ಆಗಿರುತ್ತದೆ. ಮೂವತ್ತು ವರ್ಷ ಪುಣೆಯಲ್ಲಿದ್ದರೂ ಅಪ್ಪನಿಗೆ ಇದು ಹತ್ತಲಿಲ್ಲ. ಎಲ್ಲವನ್ನೂ ಗಂಡು ಮಾಡಿಬಿಡುತ್ತಿದ್ದರು. "ಮಾಝಾ ಛತ್ರಿ ಕುಠೆ ಗೇಲಾ?" ಎನ್ನುತ್ತಿದ್ದರು, ನನ್ನ ಛತ್ರಿ ಎಲ್ಲಿ ಹೋದಳು ಎನ್ನಬೇಕಾದಲ್ಲಿ ಎಲ್ಲಿ ಹೋದ ಎಂದಂತೆ. ಎದುರಿನವರು ನಕ್ಕರೆ ತಾವೂ ನಕ್ಕು ಮುಂದೆ ಮಾತಾಡುತ್ತಿದ್ದರು. ನಾನು ಆ ಮಾತು, ಛತ್ರಿಯನ್ನು ಕಂಕುಳಲ್ಲಿ ಇರುಕಿಕೊಳ್ಳುವ ರೀತಿ, ಬೆವರು ತಾಗದಂತೆ ಕಾಲರಿನೊಳಗೆ ಮಡಚಿಡುವ ಕರವಸ್ತ್ರ, ಎಲ್ಲವನ್ನೂ ಎತ್ತಿಕೊಂಡೆ. ಕೇಳಲಿಲ್ಲ. ಹೇಳಲೂ ಇಲ್ಲ.

ಮೊದಲ ಪ್ರಯೋಗದಲ್ಲೇ ಜನ ಬಿದ್ದು ಬಿದ್ದು ನಕ್ಕರು. ನಾಲ್ಕು ಸಾಲು ನಾಲ್ಕು ದೃಶ್ಯವಾಯಿತು. ನನ್ನನ್ನು ನೋಡಲೆಂದೇ ಜನ ಬರತೊಡಗಿದರು. ಮುಂದೆ ನನಗೆ ಬಂದ ಕೆಲಸವೆಲ್ಲ ಅಲ್ಲಿಂದಲೇ ಬಂದದ್ದು.

ಅಪ್ಪನನ್ನು ನಾನು ನಾಟಕಕ್ಕೆ ಕರೆದಿರಲಿಲ್ಲ. ಒಂದು ಭಾನುವಾರ ಮಧ್ಯಾಹ್ನದ ಪ್ರಯೋಗಕ್ಕೆ ಸ್ಟೋರಿನ ಇಬ್ಬರು ಸಹೋದ್ಯೋಗಿಗಳು ಅವರನ್ನು ಕರೆತಂದಿದ್ದರು. ಎರಡನೇ ದೃಶ್ಯದಲ್ಲಿ ನಾನು ಅವರನ್ನು ಕಂಡೆ, ಮೂರನೇ ಸಾಲು, ನಡುವೆ. ಆ ಇಬ್ಬರೂ ರಂಗ ನೋಡುತ್ತಿರಲಿಲ್ಲ, ಅಪ್ಪನನ್ನು ನೋಡಿ ನಗುತ್ತಿದ್ದರು. ಒಬ್ಬ ಅವರ ಬೆನ್ನು ಚಪ್ಪರಿಸುತ್ತಿದ್ದ. ಅಪ್ಪನೂ ನಗುತ್ತಿದ್ದರು. ನಾನು ಸ್ವಲ್ಪ ಕಡಿಮೆ ಮಾಡಬಹುದಿತ್ತು. ಮಾಡಲಿಲ್ಲ. ಅಂದು ನಗು ಜೋರಾಗಿತ್ತು, ನಾನು ಇನ್ನೂ ಜೋರಾಗಿ ಮಾಡಿದೆ.

ನಾಟಕ ಮುಗಿದ ಮೇಲೆ ಬಣ್ಣದ ಕೋಣೆಗೆ ಬಂದರು. ಸಹೋದ್ಯೋಗಿಗಳು ಹೊರಗೆ ನಿಂತಿದ್ದರು.

"ಛಲೋ ಮಾಡಿದಿ," ಎಂದರು. ಆಮೇಲೆ, "ನಾ ಛತ್ರಿ ಎಡಗಡೆ ಇಟಗೋತೀನಿ. ನೀ ಬಲಗಡೆ ಇಟಗೊಂಡಿದ್ದಿ," ಎಂದರು.

ಅವರು ಬಸ್ಸಿಗೆ ಹೊತ್ತಾಯಿತೆಂದು ಹೊರಟರು.

ಆಮೇಲೆ ಮನೆಯಲ್ಲಿ ಏನೂ ಬದಲಾದಂತೆ ಕಾಣಲಿಲ್ಲ. ನಮ್ಮ ಮಾತೆಲ್ಲ ಕನ್ನಡದಲ್ಲೇ. ಮೂರು ತಿಂಗಳ ಮೇಲೆ ಮೂಲೆಯ ಕಿರಾಣಿ ಅಂಗಡಿಯವನು ನನ್ನನ್ನು ತಡೆದು, "ಅಪ್ಪಾಸಾಹೇಬರಿಗೆ ಗಂಟಲು ಸರಿ ಇಲ್ಲವೇ? ಚೀಟಿ ಬರೆದು ತರುತ್ತಾರೆ, ಮಾತೇ ಆಡುವುದಿಲ್ಲ," ಎಂದು ವಿಚಾರಿಸಿದ. ನೆಗಡಿಯಿರಬೇಕು ಎಂದೆ. ಕಾರ್ಖಾನೆಯಲ್ಲಿ ವಿಚಾರಿಸಿದೆ. ಸ್ಟೋರಿನಲ್ಲೂ ಹಾಗೆಯೇ: ಹೌದು ಎನ್ನುವುದಕ್ಕೆ ತಲೆ, ಇಲ್ಲ ಎನ್ನುವುದಕ್ಕೆ ಕೈ. ತಿಳಿದ ಮೇಲೂ ನಾನು ಏನೂ ಮಾಡಲಿಲ್ಲ. ತಾನಾಗಿ ಸರಿಹೋದೀತು ಎಂದುಕೊಂಡೆ. ಪ್ರಯೋಗಗಳು ನಡೆದಿದ್ದವು.

ಆ ಮಳೆಗಾಲದಲ್ಲಿ ಬೆಳಗಾವಿಯಿಂದ ಸುದ್ದಿ ಬಂತು. ಅಪ್ಪನ ಅಕ್ಕ, ನನ್ನ ಸೋದರತ್ತೆ, ಹಾಸಿಗೆ ಹಿಡಿದಿದ್ದಾಳೆ, ತಮ್ಮನನ್ನು ಕೇಳುತ್ತಿದ್ದಾಳೆ ಎಂದು. ನಾನು ಪ್ರಯೋಗಕ್ಕೆ ಹೋಗಿದ್ದೆ. ಅಪ್ಪ ಒಂದು ಚೀಲ ಹಿಡಿದು ಒಬ್ಬರೇ ಸ್ವಾರಗೇಟಿನ ಬಸ್ ನಿಲ್ದಾಣಕ್ಕೆ ಹೋದರು. ಸಂಜೆ ಮನೆಗೆ ವಾಪಸು ಬಂದರು.

ಆಗ ನಡೆದ ಮಾತನ್ನು ಸುಮಿತ್ರಾ ನನಗೆ ಹೇಳಿದ್ದು ಮರುದಿನ ಬೆಳಗ್ಗೆ.

"ಯಾಕ್ರಿ ಮಾವಾರ, ಬಸ್ ಸಿಗಲಿಲ್ಲೇನು?" ಎಂದು ಕೇಳಿದ್ದಳು.

"ಬಸ್ ನಿಲ್ಲೂ ಜಾಗಾ ಬದಲಿ ಆಗಿತ್ತು. ಅಲ್ಲೇ ನಿಂತಿದ್ದೆ. ಅದು ಬ್ಯಾರೆ ಕಡಿಂದ ಹೋತು."

"ಯಾರಿಗರೆ ಕೇಳಬಾರದಿತ್ತೇನ್ರಿ?"

ಅಪ್ಪ ಚಪ್ಪಲಿ ಬಿಚ್ಚಿ ಒಳಗೆ ಬಂದು ಕೂತು ಆಮೇಲೆ ಹೇಳಿದರಂತೆ: "ಕೇಳಬೇಕಂತನ ಹೋಗಿದ್ದೆ ತಾಯಿ. ಬಸ್ ಗಂಡೋ ಹೆಣ್ಣೋ ನೆನಪಾಗಲಿಲ್ಲ. ಹಿಂದ ಮಂದಿ ನಿಂತಿದ್ರು. ತಿರುಗಿ ಬಂದೆ."

ಅದನ್ನು ಕೇಳಿದ ಕೂಡಲೇ ನಾನೇ ಅವರನ್ನು ಕರೆದುಕೊಂಡು ಹೋದೆ. ನಾವು ತಲುಪುವ ಹೊತ್ತಿಗೆ ಅತ್ತೆಗೆ ಎಚ್ಚರ ತಪ್ಪಿತ್ತು. ಹಿಂದಿನ ಸಂಜೆವರೆಗೂ ಬಾಗಿಲ ಕಡೆ ನೋಡುತ್ತ, "ತಮ್ಮ ಬಂದಾನೇನು?" ಎಂದು ಕೇಳುತ್ತಿದ್ದಳೆಂದು ಅವಳ ಸೊಸೆ ಹೇಳಿದಳು. ಅಪ್ಪ ನಾಲ್ಕು ದಿನ ಹಾಸಿಗೆಯ ಪಕ್ಕ ಕೂತರು. ಐದನೆಯ ದಿನ ಅತ್ತೆ ತೀರಿಕೊಂಡಳು. ಬಸ್ಸು ತಪ್ಪಿದ್ದರ ಬಗ್ಗೆ ಅಪ್ಪ ಅಲ್ಲಿ ಯಾರಿಗೂ ಹೇಳಲಿಲ್ಲ. ಕೆಲಸದಿಂದ ರಜೆ ಸಿಗಲಿಲ್ಲ ಎಂದರು.

ಪುಣೆಗೆ ಬಂದು ನಾನು ಬಾಪೂ ಬಳಿಗೆ ಹೋಗಿ ಪಾತ್ರ ಬಿಡುತ್ತೇನೆಂದೆ. ಕಾರಣ ಕೇಳಿದರು, ಹೇಳಿದೆ.

"ಬಿಡು," ಎಂದರು. "ನಾಳೆ ಬೇರೆಯವನು ಮಾಡುತ್ತಾನೆ. ನಿನ್ನನ್ನು ನೋಡಿ ಮಾಡುತ್ತಾನೆ. ನೀನಾದರೂ ನಿನ್ನ ಅಪ್ಪನನ್ನು ನೋಡಿದ್ದಿ, ಅವನು ನೋಡಿಲ್ಲ. ಬರೀ ತಪ್ಪು ಮಾತು ಉಳಿಯುತ್ತದೆ, ಮನುಷ್ಯ ಹೋಗುತ್ತಾನೆ. ಅದು ನಿನಗೆ ನಡೆಯುತ್ತದೆಯೇ?"

ಬಿಡಲಿಲ್ಲ. ಮುಂದಿನ ಪ್ರಯೋಗದಲ್ಲಿ ಛತ್ರಿಯ ಮಾತು ಹೇಳಿದೆ. ಜನ ಎಂದಿನಂತೆ ನಕ್ಕರು. ಎಂದಿನಂತೆ ಮುಂದೆ ಹೋಗದೆ ನಿಂತೆ. ತನ್ನನ್ನು ನೋಡಿ ನಗುತ್ತಿದ್ದಾರೆಂದು ಆ ಬಾಡಿಗೆದಾರನಿಗೆ ಮೊದಲ ಸಲ ಕೇಳಿಸಿದ ಹಾಗೆ. ಅದೇ ವಾಕ್ಯವನ್ನು ಮತ್ತೆ ಹೇಳಲು ಬಾಯಿ ತೆರೆದೆ, ಛತ್ರಿ ಹೆಣ್ಣೋ ಗಂಡೋ ಎಂದು ಹುಡುಕಿದೆ, ಸಿಗಲಿಲ್ಲ, ಬಾಯಿ ಮುಚ್ಚಿದೆ. ನಗು ಅಲ್ಲಲ್ಲೇ ನಿಂತುಹೋಯಿತು.

ಒಳಗೆ ಬಂದರೆ ಬಾಪೂ ಕಾದಿದ್ದರು. "ಒಳ್ಳೇ ನಗುವನ್ನು ಕೊಂದುಬಿಟ್ಟಿ," ಎಂದರು. ಆಮೇಲೆ, "ನಾಳೆಯೂ ಕೊಲ್ಲು. ಆದರೆ ಇಷ್ಟು ಹೊತ್ತು ನಿಲ್ಲಬೇಡ," ಎಂದರು.

ಆ ಜಾಗವನ್ನು ಪತ್ರಿಕೆಯವರು ಹೊಗಳಿದರು. ಬೇರೆ ತಂಡದವರು ನೋಡಲು ಬಂದರು. ನಾನು ಪ್ರಾಯಶ್ಚಿತ್ತ ಮಾಡಿಕೊಂಡೆನೆಂದು ಇದನ್ನು ಓದುವವರು ತಿಳಿಯಬಾರದು. ಮೊದಲು ಅಪ್ಪನ ತಪ್ಪನ್ನು ಎತ್ತಿಕೊಂಡಿದ್ದೆ. ಈಗ ಸ್ವಾರಗೇಟಿನಲ್ಲಿ ಅವರಿಗಾದ ಅವಮಾನವನ್ನೂ ಎತ್ತಿಕೊಂಡೆ. ಎರಡಕ್ಕೂ ಹೊಗಳಿಕೆ ಬಂದದ್ದು ನನಗೆ. ಪಾತ್ರ ಬದಲಾಗಿದೆ, ಒಮ್ಮೆ ಬಂದು ನೋಡ್ರಿ ಎಂದು ಅಪ್ಪನಿಗೆ ಹೇಳಿದೆ. "ಒಮ್ಮೆ ನೋಡೀನಲ್ಲಪಾ," ಎಂದರು. ಕೊನೆಗೂ ಬರಲಿಲ್ಲ.

ಎರಡು ವರ್ಷದಲ್ಲಿ ಅವರು ನಿವೃತ್ತರಾದರು. ಹೊರಗೆ ಹೋಗುವುದೂ ಕಡಿಮೆಯಾಯಿತು. ಆ ಹೊತ್ತಿಗೆ ನನಗೊಂದು ಪ್ರೊಫೆಸರನ ಪಾತ್ರ ಬಂತು, ಪುಟಗಟ್ಟಲೆ ಮಾತು. ಬಾಯಿಪಾಠಕ್ಕೆ ಎದುರು ಕೂತು ಓದುವವರು ಬೇಕಿತ್ತು. ಸುಮಿತ್ರಾ ಆಗ ನೌಕರಿಯಲ್ಲಿದ್ದಳು. ಹಿಂದುಮುಂದು ನೋಡಿ ಅಪ್ಪನನ್ನು ಕೇಳಿದೆ.

"ಮರಾಠಿ ಅದ ಅಲ್ಲಾ?"

"ಹೌದ್ರಿ. ಬರದದ್ದನ್ನ ಓದಿದ್ರ ಆತು."

ಹಸ್ತಪ್ರತಿ ತೆಗೆದುಕೊಂಡು ಒಂದು ಪುಟ ಕಣ್ಣಿನಲ್ಲೇ ಓದಿದರು. "ಇದರಾಗ ಎಲ್ಲಾ ಸರಿ ಮಾಡಿ ಬರದಾರ. ನಾ ತಪ್ಪೂದೇನು ಉಳದಿಲ್ಲ," ಎಂದು ಕನ್ನಡಕ ಹಾಕಿಕೊಂಡರು.

ಸುಮಾರು ಒಂದು ವರ್ಷ ಹೀಗೆ ನಡೆಯಿತು. ಪ್ರೊಫೆಸರನ ಹೆಂಡತಿ, ಮಗಳು, ಪೊಲೀಸು, ಎಲ್ಲರೂ ಅಪ್ಪನೇ. ಮಗಳ ಅಳುವನ್ನು ಸ್ಟೋರಿನ ಸಾಮಾನಿನ ಪಟ್ಟಿಯಂತೆ ಓದುತ್ತಿದ್ದರು. ಒಂದು ದಿನ ನಾನು ಸಾಲು ಮರೆತೆ. ಅವರು ಹೇಳಿಕೊಡಲಿಲ್ಲ, ಪುಟದ ಮೇಲೆ ಬೆರಳಿಟ್ಟು ಕೂತರು. ಕೊನೆಗೆ ನನಗೇ ನೆನಪಾಯಿತು. ಯಾಕೆ ಹೇಳಲಿಲ್ಲ ಎಂದೆ.

"ನೀ ಹುಡುಕ್ಲಿಕತ್ತಿದ್ದಿ. ಹುಡುಕೂ ಮುಂದ ಯಾರರೆ ಹೇಳಿದ್ರ ನಾಚಿಕಿ ಬರತದ."

ಹೊಸಬರಿಗೆ ನಾನು ಹೇಳಬಲ್ಲ ರಂಗಪಾಠಗಳಲ್ಲಿ ಇದು ಬಾಪೂ ಹೇಳಿದ ಯಾವುದಕ್ಕೂ ಕಡಿಮೆಯಲ್ಲ. ಎದುರಿನವನು ಮರೆತರೆ ಸ್ವಲ್ಪ ಕಾಯಿರಿ.

ಆ ವರ್ಷದ ಕೊನೆಯಲ್ಲಿ ಒಂದು ಬೆಳಗ್ಗೆ ಗ್ಯಾಸ್ ಸಿಲಿಂಡರಿನವನು ಬಂದ. ನಾನು ಒಳಗೆ ಗಡ್ಡ ಮಾಡಿಕೊಳ್ಳುತ್ತಿದ್ದೆ, ಸುಮಿತ್ರಾ ಅಡುಗೆಮನೆಯಲ್ಲಿ. ಬಾಗಿಲಲ್ಲಿ ದೊಡ್ಡ ದನಿ ಕೇಳಿಸಿತು. ಮರಾಠಿ. ಸಿಲಿಂಡರಿನ ಸೀಲು ಒಡೆದಿದೆ, ಇದನ್ನು ತೆಗೆದುಕೊಳ್ಳುವುದಿಲ್ಲ, ಬೇರೆಯದು ತಾ ಎಂದು ಅಪ್ಪ ಜಗಳಕ್ಕೆ ನಿಂತಿದ್ದರು. ಶೆಗಡಿ ಎಂಬ ಒಲೆಯನ್ನು ಗಂಡು ಮಾಡಿ, ಅದರ ನಳಿಯನ್ನು ಗಂಡು ಮಾಡಿ, ಕೆಳಗೆ ನಿಂತ ಗಾಡಿಯನ್ನೂ ಗಂಡು ಮಾಡಿ ಒಂದೇ ಸಮನೆ ಮಾತಾಡುತ್ತಿದ್ದರು.

ಸುಮಿತ್ರಾ ಕೈ ಒರೆಸಿಕೊಂಡು ಹೊರಗೆ ಹೊರಟಳು. "ಇರು, ಅವರ ಮುಗಸ್ಲಿ," ಎಂದೆ. ಇಬ್ಬರೂ ಒಳಗೇ ನಿಂತೆವು. ಸಿಲಿಂಡರಿನವನು ಎರಡು ಸಲ ಏನೋ ಗೊಣಗಿದ, ಆಮೇಲೆ ಕೆಳಗಿಳಿದು ಬೇರೆಯದನ್ನು ಹೊತ್ತು ತಂದ.

ಅಪ್ಪ ಒಳಗೆ ಬಂದು ನೀರು ಕುಡಿದು ಕುರ್ಚಿಯಲ್ಲಿ ಕೂತರು. ಏನಾತ್ರಿ ಎಂದು ಸುಮಿತ್ರಾ ಕೇಳಿದ್ದೇ ತಡ, ಮೊದಲಿನಿಂದ ಹೇಳತೊಡಗಿದರು. ಕನ್ನಡದಲ್ಲಲ್ಲ, ನಡೆದ ಹಾಗೆಯೇ ಮರಾಠಿಯಲ್ಲಿ. ಅವನ ಮಾತು ಅವನ ಗೊಗ್ಗರು ದನಿಯಲ್ಲಿ, ಹೆಗಲು ಒಂದು ಕಡೆ ಇಳಿಬಿಟ್ಟು. ತಮ್ಮ ಮಾತು ತಮ್ಮ ದನಿಯಲ್ಲಿ, ಎಲ್ಲ ತಪ್ಪುಗಳೊಂದಿಗೆ. ಮಗಳ ಅಳುವನ್ನು ಪಟ್ಟಿಯಂತೆ ಓದುತ್ತಿದ್ದ ಮನುಷ್ಯ ಅವರೇ ಎಂದು ನಂಬುವ ಹಾಗಿರಲಿಲ್ಲ. ನಾನು ಅರ್ಧ ಮುಖದ ಸೋಪು ಹಾಗೆಯೇ ಇಟ್ಟುಕೊಂಡು ನಿಂತಿದ್ದೆ. ಸುಮಿತ್ರಾ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ನಗಬೇಕೋ ಬಾರದೋ ನಮಗಿಬ್ಬರಿಗೂ ತಿಳಿಯಲಿಲ್ಲ.

ಅಪ್ಪ ನಡುವೆ ನಿಲ್ಲಿಸಿ ನಮ್ಮಿಬ್ಬರ ಮುಖ ನೋಡಿದರು.

"ನಗ್ರಿ," ಎಂದರು. "ನಗೂ ಹಂಗನ ಅದ."